ಸೂಲಗಿತ್ತಿಯೂ ಸಂಸ್ಥಾನವೂ

ಕನ್ನಡ ನಾಡಿನ ಊರೂರಿನಲ್ಲಿಯೂ ವೀರಗಲ್ಲುಗಳುಂಟು. ತುರುಗಳನ್ನು ಮರಳಿ ತರಲು ಹೋಗಿ ಮಡಿದವನಿಗೆ, ಹುಲಿಯೊಡನೆ ಹೋರಿ ಸತ್ತವನಿಗೆ, ಒಡೆಯನ ಸಲುವಾಗಿ ತಲೆಯನ್ನೊಪ್ಪಿಸಿದವನಿಗೆ ನಮ್ಮ ಪೂರ್ವಿಕರು ಕಲ್ಲು ನಿಲ್ಲಿಸಿದರು. ಗಂಡನ ಚಿತೆಯನ್ನೇರಿದವಳಿಗೆ ಮಾಸ್ತಿಕಲ್ಲನ್ನು ನಿಲ್ಲಿಸಿ ಪೂಜಿಸಿದರು. ಆದರೆ ಮತ್ತೊಂದು ಜೀವವನ್ನು ಈ ಲೋಕಕ್ಕೆ ತರುವ ಕಾರ್ಯದಲ್ಲಿಯೇ ತನ್ನ ಜೀವವನ್ನು ತೆತ್ತ ಹೆಂಗಸಿಗಾಗಿ ನಿಲ್ಲಿಸಿದ ಕಲ್ಲನ್ನು ನಮ್ಮಲ್ಲಿ ಕಂಡವರು ವಿರಳ. ನೆರೆಯ ತಮಿಳು ಸೀಮೆಯಲ್ಲಿ ಬಸುರಿಯಾಗಿದ್ದಾಗಲೇ ಸತ್ತವಳ ನೆನಪಿಗೆ, ತಲೆಹೊರೆ ಹೊತ್ತು ಬರುವ ದಾರಿಹೋಕರು ಅನ್ಯರ ನೆರವಿಲ್ಲದೆ ಹೊರೆಯನ್ನಿಳಿಸಿ ದಣಿವಾರಿಸಿಕೊಳ್ಳಲು ಅನುಕೂಲವಾಗುವಂತೆ, ಎರಡು ಕಂಬಗಳ ಮೇಲೆ ಒಂದು ಅಡ್ಡಗಲ್ಲನ್ನಿಟ್ಟು ದಾರಿಯ ಬದಿಯಲ್ಲಿ ನಿಲ್ಲಿಸುವ ವಾಡಿಕೆಯಿದ್ದಿತು. ಅದನ್ನು ಅಲ್ಲಿಯವರು ಸುಮೈತಾಂಗಿ ಎಂದು ಕರೆಯುತ್ತಾರೆ. ತನ್ನ ಹೊರೆಯನ್ನಿಳಿಸಲಾರದೆಯೇ ಹೋದವಳ ಹೆಸರಿನಲ್ಲಿ ಇತರರ ಹೊರೆಯನ್ನಿಳಿಸುವ ಈ ಧರ್ಮವನ್ನು ಕಲ್ಪಿಸಿದ ಹಳ್ಳಿಗರ ಹೃದಯ ದೊಡ್ಡದು.

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದವರು ಕನ್ನಂಬಾಡಿಯ ಕಟ್ಟೆಯನ್ನೂ, ಶಿವನಸಮುದ್ರದ ವಿದ್ಯುತ್ತನ್ನೂ, ಭದ್ರಾವತಿಯ ಕಬ್ಬಿಣವನ್ನೂ ಮನಸಾರೆ ವರ್ಣಿಸಿದ್ದಾರೆ. ಅದು ಯುಕ್ತವೇ ಸರಿ. ಆದರೆ ಅದೇ ಕಾಲದಲ್ಲಿ ಅದೇ ಸಂಸ್ಥಾನದ ಮನೆಮನೆಯ ಕತ್ತಲೆ ಕೋಣೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಚರಿತ್ರೆಯುಂಟು. ಬಸುರಿಯರೂ ಬಾಣಂತಿಯರೂ ಹೇಗೆ ಸಾಯುತ್ತಿದ್ದರು, ಯಾರು ಅವರನ್ನು ಉಳಿಸಲು ಯತ್ನಿಸಿದರು, ಯಾವ ಯತ್ನ ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದೇ ಆ ಚರಿತ್ರೆ. ಅದನ್ನು ಓದಿದಷ್ಟೂ ನನಗೆ ದೃಢವಾಗಿರುವ ಅಭಿಪ್ರಾಯವಿದು: ತಾಯಂದಿರ ಪ್ರಾಣವನ್ನುಳಿಸಿದ್ದು ಭವ್ಯವಾದ ಆಸ್ಪತ್ರೆಯ ಕಟ್ಟಡವೊಂದೇ ಅಲ್ಲ, ಮನೆಯ ಹೊಸ್ತಿಲಿನವರೆಗೆ ಬರಬಲ್ಲ ಶಿಕ್ಷಿತಳಾದ ಹೆಂಗಸೊಬ್ಬಳ ಕೈ, ಮತ್ತು ಆ ಕೈಗೆ ಮೀರಿದ ಹೆರಿಗೆಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸುವ ದಾರಿ, ಇವೆರಡೂ ಕೂಡಿದಲ್ಲಿ ಮಾತ್ರ ಸಾವು ಹಿಂದೆಗೆಯಿತು.

ಶತಮಾನದ ಹಿಂದೆ ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಯೊಂದರಲ್ಲಿ ಹೆರಿಗೆ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಸಮೀಪದಿಂದ ನೋಡೋಣ. ಬೇನೆ ಕಾಣಿಸಿಕೊಂಡೊಡನೆ ಗಂಡಸರು ಜಗಲಿಗೆ ಹೋಗುತ್ತಿದ್ದರು. ಗಾಳಿಯೂ ಬೆಳಕೂ ಬಾರದ ಕೋಣೆಯೊಂದರಲ್ಲಿ ಹರಳೆಣ್ಣೆಯ ದೀಪವಿಟ್ಟು, ಹಳೆಯ ಚಾಪೆಯನ್ನೂ ಹರಕು ಸೀರೆಯನ್ನೂ ಹಾಸಿ, ಕೇರಿಯಿಂದ ಸೂಲಗಿತ್ತಿಯನ್ನು ಕರೆತರುತ್ತಿದ್ದರು. ಆಕೆ ಬಂದವಳೇ ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಕೂಸಿನ ತಲೆ ಎತ್ತ ತಿರುಗಿದೆಯೆಂದು ಬೆರಳ ತುದಿಯಿಂದಲೇ ತಿಳಿದುಕೊಳ್ಳುವಳು. ಬಸುರಿ ಕುಕ್ಕುರುಗಾಲಿನಲ್ಲಿ ಕುಳಿತಿರಲು, ಬೆನ್ನ ಹಿಂದೆ ಒಬ್ಬಾಕೆ ಆತುಕೊಂಡಿರಲು, ಸೂಲಗಿತ್ತಿ ಎದುರಿಗೆ ಕುಳಿತು ಕೈಗೆ ಹರಳೆಣ್ಣೆ ಸವರಿಕೊಂಡು, “ಇನ್ನೊಂದು ಬೇನೆ ತಡಕೋ ನನ್ನವ್ವ, ಆಯ್ತು, ಆಯ್ತು” ಎಂದು ಇರುಳೆಲ್ಲ ಧೈರ್ಯ ಹೇಳುತ್ತಿದ್ದಳು. ಕೂಸು ಬಿದ್ದ ಮೇಲೆ ಮಾಸು ಬೀಳುವವರೆಗೂ ಕಾಯ್ದು, ನೂಲಿನಿಂದ ಹೊಕ್ಕುಳ ಬಳ್ಳಿಯನ್ನು ಕಟ್ಟಿ, ಮನೆಯ ಕುಡುಗೋಲಿನಿಂದಲೋ ಕೈಗೆ ಸಿಕ್ಕ ಕತ್ತಿಯಿಂದಲೋ ಕೊಯ್ದು, ಕೊಯ್ದ ಬಾಯಿಗೆ ಒಲೆಯ ಬೂದಿಯನ್ನೊತ್ತುವಳು. ಬಾಣಂತಿಯ ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತಿ, ಮಾಸನ್ನು ಹಿತ್ತಿಲಲ್ಲಿ ಹೂಳಿಸಿ, ಮಗುವಿಗೆ ಎರೆದು, ಸಾಂಬ್ರಾಣಿ ಹೊಗೆ ಹಾಕಿ ಅವಳು ಎದ್ದಾಗ ಎಷ್ಟೋ ವೇಳೆ ಬೆಳಗಾಗಿರುತ್ತಿದ್ದಿತು. ಇಷ್ಟಕ್ಕೆ ಅವಳಿಗೆ ಸಲ್ಲುತ್ತಿದ್ದುದು ಒಂದು ಮೊರದಷ್ಟು ರಾಗಿಯೋ ಅಕ್ಕಿಯೋ, ಒಂದಚ್ಚು ಬೆಲ್ಲ, ಎಲೆಯಡಿಕೆ. ಅನುಕೂಲಸ್ಥರಾದರೆ ಒಂದು ಸೀರೆ.

ಈ ಸೂಲಗಿತ್ತಿಯರು ಬಹುತೇಕ ಊರಿನ ಬಡವರ ಮನೆಯವರು, ಕೆಳಗಿನ ಜಾತಿಗಳೆಂದು ಊರು ದೂರವಿಟ್ಟ ಮನೆಗಳವರು. ಅದಕ್ಕೆ ಕಾರಣ ಪುರುಡು. ಹೆರಿಗೆ ಮೈಲಿಗೆಯ ಕಾರ್ಯವೆಂದು ಭಾವಿಸಿದ ಸಮಾಜ, ಆ ಕಾರ್ಯವನ್ನು ಮೈಲಿಗೆ ಹೊರಲು ತಾನು ನೇಮಿಸಿದವರಿಗೇ ಒಪ್ಪಿಸಿತು. ಅಷ್ಟೇ ಅಲ್ಲ, ಹೆರಿಗೆಯಲ್ಲಿ ಬಳಸಿದ ಚಾಪೆ ಸೀರೆಗಳನ್ನು ಮುಂದೆ ಮನೆಬಳಕೆಗೆ ತರಲಾಗದಾದುದರಿಂದ, ಮನೆಯಲ್ಲಿ ಅತ್ಯಂತ ಹಳೆಯದೂ ಕೊಳಕಾದುದೂ ಯಾವುದೋ ಅದನ್ನೇ ಬಾಣಂತಿಯ ಮೈಗೆ ಹಚ್ಚುತ್ತಿದ್ದರು. ಮನೆಯಲ್ಲಿ ಎಲ್ಲಕ್ಕಿಂತ ನಿರ್ಮಲವಾಗಿರಬೇಕಾಗಿದ್ದ ಕೋಣೆ ಹೀಗೆ ಆಚಾರದ ಹೆಸರಿನಲ್ಲಿಯೇ ಎಲ್ಲಕ್ಕಿಂತ ಮಲಿನವಾಯಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಪುರುಡು ಬಾಣಂತಿಗೆ ಹತ್ತು ಹನ್ನೊಂದು ದಿನಗಳ ಕಾಲ ಒಲೆ, ಬೀಸುಕಲ್ಲು, ಗದ್ದೆಗಳಿಂದ ಬಿಡುವು ಕೊಟ್ಟಿತು. ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವ ಪದ್ಧತಿ ಹೆದರಿದ ಎಳೆಯ ಹುಡುಗಿಯನ್ನು ಅವಳ ತಾಯಿಯ ಕೈಯಲ್ಲಿಟ್ಟಿತು. ಎಣ್ಣೆನೀರು, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ, ಇವುಗಳಲ್ಲಿ ಉಪಚಾರವೂ ಅಕ್ಕರೆಯೂ ಎರಡೂ ಇದ್ದವು. ಸೂಲಗಿತ್ತಿಯ ಅನುಭವವನ್ನು ಮೌಢ್ಯವೆಂದು ತಳ್ಳಿಹಾಕುವವರೂ, ಅದನ್ನು ಪುರಾತನ ವಿಜ್ಞಾನವೆಂದು ಹೊಗಳುವವರೂ ಸಮಾನವಾಗಿ ತಪ್ಪುತ್ತಾರೆಂದು ನನ್ನ ಭಾವನೆ. ಸುಖಪ್ರಸವದಲ್ಲಿ ಅವಳ ತಾಳ್ಮೆಗೆ ಸಮಾನವಾದುದು ಬೇರೆ ಇರಲಿಲ್ಲ; ಕಷ್ಟಪ್ರಸವದಲ್ಲಿ ಅವಳ ಕೈಯಲ್ಲಿ ಏನೂ ಇರಲಿಲ್ಲ.

ಕಷ್ಟಪ್ರಸವವೆಂದರೆ ಮುಖ್ಯವಾಗಿ ನಾಲ್ಕು ಬಗೆ. ಮಾಸು ಬೀಳದೆ, ಅಥವಾ ಬಿದ್ದ ಮೇಲೆ ಗರ್ಭಕೋಶ ಬಿಗಿದುಕೊಳ್ಳದೆ ರಕ್ತ ಸುರಿಯುವುದು. ರಕ್ತ ಸುರಿಯತೊಡಗಿದ ಬಾಣಂತಿಗೆ ಉಳಿಯುವ ವೇಳೆ ಒಂದೆರಡು ಗಂಟೆ ಮಾತ್ರ. ಕೂಸು ಅಡ್ಡಬಿದ್ದು, ಅಥವಾ ತಾಯಿಯ ಎಲುಬುಗೂಡು ಕಿರಿದಾಗಿ, ದಿನಗಟ್ಟಲೆ ಬೇನೆ ತಿಂದು ಹೆರಲಾರದೆ ಸಾಯುವುದು. ಕಡೆಯ ತಿಂಗಳುಗಳಲ್ಲಿ ಕೈಕಾಲು ಬಾತು, ರಕ್ತದ ಒತ್ತಡವೇರಿ ಸೆಳವು ಬರುವುದು; ಇದನ್ನು ದೆವ್ವದ ಚೇಷ್ಟೆಯೆಂದು ಭಾವಿಸಿ ಬೇವಿನ ಸೊಪ್ಪಿನಿಂದ ಹೊಡೆದುದೂ ಉಂಟು. ಕೊನೆಯದು ನಂಜು, ಹೆತ್ತ ಎರಡು ಮೂರು ದಿನಗಳಲ್ಲಿ ಚಳಿಜ್ವರ ಬಂದು ಬಾಣಂತಿ ಸನ್ನಿಯಾಗಿ ಕೊಲ್ಲುವುದು. ಇವೆಲ್ಲಕ್ಕೂ ನೆಲೆಯೊದಗಿಸಿದ್ದು ರಕ್ತಹೀನತೆ. ಮಲೆನಾಡಿನ ಕಡೆ ಮಲೇರಿಯ ಅದನ್ನು ಇಮ್ಮಡಿಗೊಳಿಸುತ್ತಿದ್ದಿತು. ಕೂಸಿನ ಪಾಲಿಗೆ ಕುಡುಗೋಲೂ ಬೂದಿಯೂ ಧನುರ್ವಾಯುವನ್ನು ತರುತ್ತಿದ್ದವು. ಹುಟ್ಟಿ ವಾರ ಕಳೆಯುವಷ್ಟರಲ್ಲಿ ಮೊಲೆ ಚೀಪಲಾರದೆ, ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಾಗಿ ಅದು ಸಾಯುತ್ತಿದ್ದಿತು.

ಇದು ನಮ್ಮ ದೇಶದ ಅಜ್ಞಾನವೊಂದರ ಫಲವೆಂದು ಯಾರೂ ತಿಳಿಯಬಾರದು. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ, ವೈದ್ಯವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ಹೆಚ್ಚು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಹೆಣ ಕೊಯ್ದ ಕೈಯನ್ನು ತೊಳೆಯದೆ ಬಸುರಿಯನ್ನು ಮುಟ್ಟುವುದೇ ಇದಕ್ಕೆ ಕಾರಣವೆಂದು 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಕೊಂಡು, ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದಾಗ ಸಾವುಗಳು ಕೂಡಲೇ ಇಳಿದವು. ಆದರೂ ಆ ಕಾಲದ ಪಂಡಿತರು ಅವನ ಮಾತನ್ನು ಒಪ್ಪಲಿಲ್ಲ. ಇದಕ್ಕೆ ಪ್ರತಿಯಾಗಿ ಸ್ವೀಡನ್ ದೇಶವು ಹಳ್ಳಿಹಳ್ಳಿಗೂ ಶಿಕ್ಷಿತ ಸೂಲಗಿತ್ತಿಯರನ್ನು ನೇಮಿಸಿ, ಆಮೇಲೆ ನಂಜುನಿವಾರಕ ಕ್ರಮವನ್ನೂ ಅವರಿಗೆ ಕಲಿಸಿ, ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ತಾಯಂದಿರ ಸಾವನ್ನು ಬಹುಪಾಲು ತಗ್ಗಿಸಿತು. ಆಗ ಪೆನಿಸಿಲಿನ್ನೂ ಇರಲಿಲ್ಲ, ರಕ್ತನಿಧಿಯೂ ಇರಲಿಲ್ಲ.

ನಮ್ಮಲ್ಲಿ ಮೊದಲ ಹೆಜ್ಜೆಗಳು ಬೇರೆ ಬೇರೆ ಕಡೆಯಿಂದ ಬಂದವು. ಪರಪುರುಷನಾದ ವೈದ್ಯನು ಹೆಂಗಸನ್ನು ಮುಟ್ಟಿ ನೋಡುವಂತಿರಲಿಲ್ಲ, ವೈದ್ಯೆಯರು ಇರಲಿಲ್ಲ, ಆದುದರಿಂದ ಆಸ್ಪತ್ರೆಯಿದ್ದ ಊರಿನಲ್ಲಿಯೂ ಹೆಂಗಸರು ಆಸ್ಪತ್ರೆಯಿಲ್ಲದೆಯೇ ಸಾಯುತ್ತಿದ್ದರು. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫ್ರಿನ್ ಅವರು ಭಾರತದ ಸ್ತ್ರೀಯರಿಗೆ ಸ್ತ್ರೀವೈದ್ಯರ ನೆರವೊದಗಿಸುವ ನಿಧಿಯೊಂದನ್ನು ಸ್ಥಾಪಿಸಿದರು. 1903ರಲ್ಲಿ ಲೇಡಿ ಕರ್ಜನ್ ಅವರ ಆಶ್ರಯದಲ್ಲಿ ಹಳೆಯ ದಾಯಿಗಳಿಗೇ ಶಿಕ್ಷಣ ಕೊಡುವ ನಿಧಿ ಹುಟ್ಟಿತು. ಕ್ರೈಸ್ತ ಮಿಷನ್ನುಗಳು ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಆಸ್ಪತ್ರೆಗಳನ್ನು ತೆರೆದವು: ಮೈಸೂರಿನಲ್ಲಿ 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ ಅವರು 1923ರಲ್ಲಿ ಆರಂಭಿಸಿದ ಆಸ್ಪತ್ರೆ. ಪರದೇಶದಿಂದ ಬಂದು ನಮ್ಮ ಹೆಣ್ಣುಮಕ್ಕಳ ಬಾಣಂತನ ನೋಡಿಕೊಂಡ ಆ ತಾಯಂದಿರನ್ನು ಕೃತಜ್ಞತೆಯಿಂದ ನೆನೆಯಬೇಕಾದುದು ನಮ್ಮ ಧರ್ಮ.

ಸಂಸ್ಥಾನದ ಸರ್ಕಾರ ಮಾಡಿದ ಮೊದಲ ದೊಡ್ಡ ಕಾರ್ಯ ಆಸ್ಪತ್ರೆಯದಲ್ಲ, ಕಾನೂನಿನದು. 1894ರಲ್ಲಿ ಮೈಸೂರು ಸರ್ಕಾರ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನೂ, ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದ ಗಂಡಸು ಮದುವೆಯಾಗುವುದನ್ನೂ ನಿಷೇಧಿಸಿತು. ಇಂದು ಓದುವವರಿಗೆ ಈ ಮಿತಿ ಎಷ್ಟು ಅಲ್ಪವೆನ್ನಿಸುವುದೋ ಅಂದಿನವರಿಗೆ ಅದು ಅಷ್ಟು ಸಾಹಸವೆನ್ನಿಸಿತು. ಮೈ ಬೆಳೆಯುವ ಮೊದಲೇ ಬಸುರಾದ ಹುಡುಗಿಯ ಎಲುಬುಗೂಡು ಕೂಸಿಗೆ ದಾರಿ ಕೊಡದು. ಆದುದರಿಂದ ಇದು ವೈದ್ಯನ ಕತ್ತಿಗಿಂತ ಮೊದಲು ಬರಬೇಕಾಗಿದ್ದ ಚಿಕಿತ್ಸೆ. ಅದೇ ವರ್ಷದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಾಲವಾಗಿ, ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ವಹಿಸಿಕೊಂಡರು. ಅವರ ಆಡಳಿತಕಾಲದಲ್ಲಿಯೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಜನ ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಬಸವನಗುಡಿಯೂ ಮಲ್ಲೇಶ್ವರವೂ ಗಾಳಿ ಬೆಳಕುಗಳಿರುವ ಬಡಾವಣೆಗಳಾಗಿ ಬೆಳೆದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಮೋರಿ, ಕುಡಿಯುವ ನೀರು, ಜನನ ಮರಣಗಳ ಲೆಕ್ಕ, ಇವು ಅರಸನ ಔದಾರ್ಯವಲ್ಲ, ಆಡಳಿತದ ಕರ್ತವ್ಯ ಎಂಬ ಅರಿವು ನಮ್ಮಲ್ಲಿ ಬೇರೂರಿದ್ದು ಆ ಭೀತಿಯ ವರ್ಷಗಳಲ್ಲಿ. ಮಹಾರಾಣಿಯವರು 1934ರಲ್ಲಿ ಕಾಲವಾದರು. ಮರುವರ್ಷ ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿಯೇ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾಗಿ ತೆರೆದ ಆಸ್ಪತ್ರೆ ಅವರ ಬಿರುದಿನಿಂದಲೇ ವಾಣೀವಿಲಾಸವೆನಿಸಿತು. ಬೆಂಗಳೂರಿನ ಬಡವರ ಎಷ್ಟು ತಲೆಮಾರುಗಳು ಆ ಗೋಡೆಗಳೊಳಗೆ ಮೊದಲ ಉಸಿರೆಳೆದವೆಂಬುದನ್ನು ಆ ಊರಿನವರೇ ಬಲ್ಲರು.

ಆದರೆ ನನ್ನ ದೃಷ್ಟಿಯಲ್ಲಿ ಆ ಕಾಲದ ಅತ್ಯಂತ ಧೀರವಾದ ಹೆಜ್ಜೆಗಳು ಇನ್ನೆರಡು. ಮೊದಲನೆಯದು, 1930ರಲ್ಲಿ ಮೈಸೂರು ಸರ್ಕಾರ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿದ್ದು. ಸರ್ಕಾರವೊಂದು ತಾನೇ ನಿಂತು ಇಂಥದನ್ನು ತೆರೆದುದು ಜಗತ್ತಿನಲ್ಲಿಯೇ ಮೊದಲೆಂದು ಪ್ರಸಿದ್ಧಿ. ಪಾಶ್ಚಾತ್ಯ ರಾಷ್ಟ್ರಗಳಲ್ಲಿ ಈ ವಿಷಯವನ್ನು ಬಹಿರಂಗವಾಗಿ ಎತ್ತಿದವರು ಸೆರೆಮನೆ ಕಂಡಿದ್ದ ಕಾಲ ಅದು. ವರ್ಷಕ್ಕೊಂದು ಹೆತ್ತು ಮೈಯಲ್ಲಿ ರಕ್ತವಿಲ್ಲದೆ ಏಳನೆಯದನ್ನೋ ಎಂಟನೆಯದನ್ನೋ ಹೆರುವಾಗ ಸಾಯುತ್ತಿದ್ದ ಹೆಂಗಸರನ್ನು ನಿತ್ಯವೂ ಕಾಣುತ್ತಿದ್ದವರಿಗೆ ಇದು ತತ್ತ್ವದ ಜಿಜ್ಞಾಸೆಯಾಗಿರಲಿಲ್ಲ, ಪ್ರಾಣರಕ್ಷಣೆಯ ಮಾತಾಗಿದ್ದಿತು. ಎರಡನೆಯದು, 1920ರ ದಶಕದ ಕೊನೆಯಿಂದ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮೈಸೂರು ಸಂಸ್ಥಾನ ಕೈಗೊಂಡ ಗ್ರಾಮಾಂತರ ಆರೋಗ್ಯ ಕಾರ್ಯ. ಮಲೇರಿಯದ ಸೊಳ್ಳೆಗಳನ್ನು ಕುರಿತ ಸಂಶೋಧನೆಯೊಂದು ಕಡೆ, ಇನ್ನೊಂದು ಕಡೆ ಮುಂದೆ ರಾಮನಗರವೆಂದು ಹೆಸರಾದ ಕ್ಲೋಸ್‌ಪೇಟೆಯಲ್ಲಿ 1930ರ ದಶಕದ ನಡುವೆ ಸ್ಥಾಪಿತವಾದ ಆರೋಗ್ಯ ಶಿಕ್ಷಣ ಕೇಂದ್ರ. ಅಲ್ಲಿನ ಕಲ್ಪನೆ ಸರಳ: ರೋಗಿ ಬರಲೆಂದು ಕಾಯುತ್ತ ಆಸ್ಪತ್ರೆಯಲ್ಲಿ ಕೂರದೆ, ಗೊತ್ತಾದ ಒಂದಷ್ಟು ಹಳ್ಳಿಗಳ ಆರೋಗ್ಯವನ್ನು ಒಂದು ತಂಡದ ಹೊಣೆಯಾಗಿ ಮಾಡುವುದು, ಬಸುರಿಯರನ್ನು ಅವರ ಮನೆಗಳಲ್ಲಿಯೇ ಮುಂಚಿತವಾಗಿ ಹೋಗಿ ನೋಡುವುದು, ಕಕ್ಕಸು, ಬಾವಿ, ಸಿಡುಬಿನ ಲಸಿಕೆ, ಹೆರಿಗೆ, ಇವೆಲ್ಲವನ್ನೂ ಒಂದೇ ಕೆಲಸದ ಅಂಗಗಳೆಂದು ಭಾವಿಸುವುದು. ಸ್ವತಂತ್ರ ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರದ ಬೀಜ ಇಂಥ ಕೆಲವೇ ಕೇಂದ್ರಗಳಲ್ಲಿದ್ದಿತು.

ಆ ಬೀಜ ಎಷ್ಟು ಸಣ್ಣದಾಗಿದ್ದಿತೆಂಬುದನ್ನು ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ದೇಶದ ಮುಂದಿಟ್ಟಿತು. ಭಾರತದಲ್ಲಿ ಪ್ರತಿವರ್ಷ ಸುಮಾರು 2 ಲಕ್ಷ ಹೆಂಗಸರು ಬಸಿರು ಬಾಣಂತನಗಳ ಕಾರಣದಿಂದ ಸಾಯುತ್ತಿದ್ದರು. ಸಾವಿರ ಜನನಗಳಿಗೆ ಇಪ್ಪತ್ತು ತಾಯಂದಿರ ಸಾವು. 1937ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 162 ಶಿಶುಗಳು ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದವು. ಇಡೀ ದೇಶಕ್ಕೆ ಶಿಕ್ಷಿತ ಸೂಲಗಿತ್ತಿಯರಿದ್ದುದು ಸುಮಾರು 5,000, ಎಂದರೆ 60,000 ಜನಕ್ಕೆ ಒಬ್ಬಳು. ಶಿಕ್ಷಿತರು ಸಾಕಷ್ಟು ಸಿದ್ಧರಾಗುವವರೆಗೆ ಊರಿನ ದಾಯಿಗಳಿಗೇ ತರಬೇತಿ ಕೊಟ್ಟು ಬಳಸಿಕೊಳ್ಳಬೇಕೆಂದು ಸಮಿತಿ ಹೇಳಿತು. ಕೈ ತೊಳೆಯುವುದು, ಬ್ಲೇಡನ್ನೂ ದಾರವನ್ನೂ ಕುದಿಸುವುದು, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು, ಯಾವಾಗ ತನ್ನ ಕೈ ಮೀರಿತೆಂದು ಗುರುತಿಸುವುದು: ಇಷ್ಟನ್ನು ಕಲಿತ ಸೂಲಗಿತ್ತಿ ಅರ್ಧ ಯುದ್ಧ ಗೆದ್ದಂತೆ. ಆದರೆ ಈ ತರಬೇತಿ ಒಮ್ಮೆ ಆರಂಭವಾಗಿ ಒಮ್ಮೆ ನಿಂತು, ಇನ್ನೊಂದು ಯೋಜನೆಯಲ್ಲಿ ಮತ್ತೆ ಚಿಗುರಿ, ಕೊನೆಗೆ ದಾಯಿಯನ್ನು ಬಿಟ್ಟು ಆಸ್ಪತ್ರೆಯ ಹೆರಿಗೆಯೊಂದನ್ನೇ ಹಿಡಿಯಬೇಕೆಂಬ ನೀತಿ ಬಂದಾಗ ಮರೆಯಾಯಿತು. ನಿರಕ್ಷರಿಯಾದ ಮುದುಕಿಯನ್ನು ಎದುರಿಗೆ ಕೂರಿಸಿಕೊಂಡು ಗೌರವದಿಂದ ಕಲಿಸುವ ಮನಸ್ಸು ನಮ್ಮ ಕಚೇರಿಗಳಿಗೆ ಬರಲಿಲ್ಲವೆಂಬುದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವ ವ್ಯಥೆ.

ಅದೇ ಕಾಲದಲ್ಲಿ, ನಮಗಿಂತ ಸಿರಿವಂತವೇನೂ ಅಲ್ಲದ ಸಿಂಹಳ ದ್ವೀಪದಲ್ಲಿ ಏನಾಯಿತೆಂಬುದನ್ನು ಹೋಲಿಸಿ ನೋಡಬಹುದು. 1926ರಲ್ಲಿ ಕಳುತರದಲ್ಲಿ ಮೊದಲ ಆರೋಗ್ಯ ಘಟಕ ಆರಂಭವಾಯಿತು. ಅದು ಅಲ್ಲಿಯೇ ಮಾದರಿಯಾಗಿ ಉಳಿಯದೆ ದ್ವೀಪವನ್ನೆಲ್ಲ ವ್ಯಾಪಿಸಿತು. ಗ್ರಾಮದಲ್ಲಿಯೇ ವಾಸಿಸುವ ಶಿಕ್ಷಿತ ಸೂಲಗಿತ್ತಿ, ಅವಳ ಮೇಲೆ ವಿಚಾರಿಸುವ ದಾದಿ, ಉಚಿತವಾದ ಆಸ್ಪತ್ರೆ, ಅಕ್ಷರ ಬಲ್ಲ ಹೆಣ್ಣುಮಕ್ಕಳು, ಸತ್ತ ತಾಯಿಯ ವಿಷಯವನ್ನು ಬಿಡದೆ ವಿಚಾರಿಸುವ ಪದ್ಧತಿ, ಇವು ಕೂಡಿ ಬಂದುದರಿಂದ 1930ರ ದಶಕದಲ್ಲಿ ನಮ್ಮಷ್ಟೇ ಘೋರವಾಗಿದ್ದ ಅಲ್ಲಿನ ಮರಣ ಪ್ರಮಾಣ 1950ರ ಹೊತ್ತಿಗೆ ಮೂರನೆಯ ಒಂದು ಪಾಲಿಗೂ ಕೆಳಗಿಳಿದಿತ್ತು.

ಸ್ವಾತಂತ್ರ್ಯಾನಂತರದ ಕಥೆ ಬಹುಮಂದಿಗೆ ಗೊತ್ತಿರುವುದೇ. 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ಉಪಕೇಂದ್ರಗಳು ಬಂದವು, ಹಳ್ಳಿಗರು ನರ್ಸಮ್ಮ ಎಂದು ಕರೆದ, ಒಂದು ಚೀಲವನ್ನು ಹೆಗಲಿಗೇರಿಸಿ ಬಸ್ಸಿಳಿದು ನಡೆದು ಬರುತ್ತಿದ್ದ ಹೆಂಗಸು ಬಂದಳು. ನಂಜಿಗೆ ಸಲ್ಫಾ ಮಾತ್ರೆಯೂ ಪೆನಿಸಿಲಿನ್ನೂ, ರಕ್ತಸ್ರಾವಕ್ಕೆ ಎರ್ಗೊಮೆಟ್ರಿನ್ನೂ ದೊರೆತವು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ತಾಯಿ–ಮಗು’ವಿನಂಥ ಪುಸ್ತಕಗಳು ಬಸುರಿಯ ಮೈಯ ವಿಷಯವನ್ನು ಸಂಕೋಚವಿಲ್ಲದ ಕನ್ನಡದಲ್ಲಿ ಮನೆಯೊಳಕ್ಕೆ ತಂದವು. ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ವಾಡಿಕೆಯಾಗಿ, 2015ರಲ್ಲಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಯಿತೆಂದು ಘೋಷಿಸಲಾಯಿತು. 2005ರ ಬಳಿಕ ಆಶಾ ಕಾರ್ಯಕರ್ತೆಯರೂ, 2008ರಲ್ಲಿ 108 ವಾಹನವೂ ಬಂದ ಮೇಲೆ, ಹೊಸ್ತಿಲಿನ ಕೈಗೂ ಆಸ್ಪತ್ರೆಗೂ ನಡುವೆ ಬಿಟ್ಟುಹೋಗಿದ್ದ ದಾರಿ ಕೂಡಿಕೊಂಡಿತು. ಫಲ ಕಣ್ಣಿಗೆ ಕಾಣುವಂತಿದೆ: ಕರ್ನಾಟಕದಲ್ಲಿ 2001–03ರಲ್ಲಿ ಲಕ್ಷ ಜನನಗಳಿಗೆ 228 ಇದ್ದ ತಾಯಂದಿರ ಮರಣ 2018–20ರಲ್ಲಿ 69ಕ್ಕೆ ಇಳಿಯಿತು, ಇಂದು ನೂರರಲ್ಲಿ ತೊಂಬತ್ತೇಳು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ.

ಈ ಬದಲಾವಣೆಯ ನಡುವೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಎಪ್ಪತ್ತು ವರ್ಷಗಳ ಕಾಲ ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಕೂಲಿ ಬಯಸದೆ ಮಾಡಿಸಿದರು. ಅಜ್ಜಿಯಿಂದ ಕಲಿತ ವಿದ್ಯೆ ಅದು; ಆಸ್ಪತ್ರೆ ದೂರವಿದ್ದ ಬರದ ಸೀಮೆಯಲ್ಲಿ ಅದೇ ಆಧಾರ. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ರಾಷ್ಟ್ರಪತಿ ಭವನದಲ್ಲಿ ನಿಂತ ಆ ವೃದ್ಧೆಯಲ್ಲಿ, ಮೊರದ ರಾಗಿಗೆ ಇರುಳೆಲ್ಲ ಎಚ್ಚರವಿದ್ದ ಎಷ್ಟೋ ಸಾವಿರ ಸೂಲಗಿತ್ತಿಯರಿಗೆ ತಡವಾಗಿಯಾದರೂ ಮರ್ಯಾದೆ ಸಂದಿತೆಂದು ನಾನು ತಿಳಿಯುತ್ತೇನೆ.

ಆದರೂ ಕೆಲಸ ಮುಗಿದಿಲ್ಲ. ನಮ್ಮ 69ರ ಎದುರಿಗೆ ಅದೇ ವರ್ಷಗಳಲ್ಲಿ ಕೇರಳದ ಸಂಖ್ಯೆ 19. ದಕ್ಷಿಣದ ರಾಜ್ಯಗಳಲ್ಲೆಲ್ಲ ನಮ್ಮದೇ ಹೆಚ್ಚು. ಆಸ್ಪತ್ರೆಯ ಬಾಗಿಲಿನೊಳಗೆ ಹೋದ ಮಾತ್ರಕ್ಕೆ ತಾಯಿ ಬದುಕುವಳೆಂಬ ಭರವಸೆಯೂ ಇಲ್ಲವೆಂಬುದನ್ನು 2024ರಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಆದ ಬಾಣಂತಿಯರ ಸಾವುಗಳು ನಮಗೆಲ್ಲ ತೋರಿಸಿದವು. ಇಂದಿಗೂ ಕರ್ನಾಟಕದ ಬಸುರಿಯರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ರಕ್ತಹೀನರು. ರಕ್ತ ತುಂಬಿದವಳು ತಡೆದುಕೊಳ್ಳಬಲ್ಲಷ್ಟು ಸ್ರಾವ ರಕ್ತಹೀನಳನ್ನು ಕೊಲ್ಲುತ್ತದೆ. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು: ನಿಮ್ಮ ಮನೆಯಲ್ಲಾಗಲಿ, ನಿಮ್ಮ ಮನೆಗೆಲಸಕ್ಕೆ ಬರುವವರಲ್ಲಾಗಲಿ, ನಿಮ್ಮ ಹೊಲದ ಕೂಲಿಯವರಲ್ಲಾಗಲಿ ಒಬ್ಬ ಬಸುರಿಯಿದ್ದರೆ, ಅವಳ ತಾಯಿ ಕಾರ್ಡಿನಲ್ಲಿ ಹೀಮೋಗ್ಲೋಬಿನ್ ಎಷ್ಟೆಂದು ಬರೆದಿದೆಯೋ ಕೇಳಿರಿ; ಹನ್ನೊಂದಕ್ಕೆ ಕಡಿಮೆಯಿದ್ದರೆ ಅವಳು ಕಬ್ಬಿಣದ ಮಾತ್ರೆಯನ್ನು ನಿತ್ಯವೂ ತೆಗೆದುಕೊಳ್ಳುವಂತೆಯೂ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳುವಂತೆಯೂ ನೋಡಿಕೊಳ್ಳಿರಿ; ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಿಮ್ಮ ಉಪಕೇಂದ್ರದ ನರ್ಸಮ್ಮನ ಹುದ್ದೆ ತುಂಬಿದೆಯೋ ಖಾಲಿಯಿದೆಯೋ ಎಂಬ ಒಂದು ಪ್ರಶ್ನೆಯನ್ನು ಉತ್ತರ ಬರುವವರೆಗೂ ಬಿಡದೆ ಕೇಳಿರಿ.